ಮಣಿಕಟ್ಟಿನಿಂದ ಆಂಜಿಯೋಗ್ರಾಂ: ಭಯ ಬೇಕೆ?

ಪ್ರಶ್ನೆ: ನನ್ನ ತಂದೆಗೆ 64 ವರ್ಷ, ಮಧುಮೇಹವಿದೆ. ತೋಟದ ಏರು ಹತ್ತುವಾಗ ಎದೆ ಬಿಗಿಯುತ್ತದೆ. ಹುಬ್ಬಳ್ಳಿಯ ವೈದ್ಯರು ಆಂಜಿಯೋಗ್ರಾಂ ಸೂಚಿಸಿದ್ದಾರೆ. ಇದು ಶಸ್ತ್ರಚಿಕಿತ್ಸೆಯೇ? ಅಂದೇ ಸ್ಟೆಂಟ್ ಹಾಕಿಸಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದು ಎದೆ ತೆರೆಯುವ ಶಸ್ತ್ರಚಿಕಿತ್ಸೆಯಲ್ಲ. ಮಣಿಕಟ್ಟಿನ ಚರ್ಮವನ್ನಷ್ಟೇ ಮರಗಟ್ಟಿಸಿ, ಅಲ್ಲಿನ ಅಪಧಮನಿಯ ಮೂಲಕ ಸುಮಾರು 2 ಮಿಲಿಮೀಟರ್ ದಪ್ಪದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಅಯೋಡಿನ್‌ಯುಕ್ತ ದ್ರವವನ್ನು ಹರಿಸಿದಾಗ, ರಕ್ತನಾಳ ಎಲ್ಲಿ ಕಿರಿದಾಗಿದೆ ಎಂಬುದು ಕ್ಷಕಿರಣದಲ್ಲಿ ಕಾಣುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ತೊಡೆಸಂದಿಯ ಮಾರ್ಗಕ್ಕಿಂತ ಇದರಲ್ಲಿ ರಕ್ತಸ್ರಾವದ ಅಪಾಯ ಕಡಿಮೆ.

ಆ ದ್ರವವು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಮೊದಲೇ ಅವುಗಳ ಕಾರ್ಯವನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಕಿರಿದಾದ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆಯಾದ ಸ್ಟೆಂಟ್ ವಿಚಾರದಲ್ಲಿ ಆತುರ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶ್ರಮಪಟ್ಟಾಗ ಮಾತ್ರ ಬರುವ, ಹೆಚ್ಚದೆ ಸ್ಥಿರವಾಗಿರುವ ನೋವಿಗೆ ಔಷಧವೇ ಚಿಕಿತ್ಸೆಯ ಬುನಾದಿ. ಸ್ಟೆಂಟ್ ಮುಖ್ಯವಾಗಿ ನೋವನ್ನು ತಗ್ಗಿಸುತ್ತದೆ. ಮಧುಮೇಹಿಗಳಲ್ಲಿ ಹಲವು ನಾಳಗಳು ಕಿರಿದಾಗಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆ ಹೆಚ್ಚು ಹಿತಕರವಾಗುವುದುಂಟು. ಆದ್ದರಿಂದ ಚಿತ್ರಗಳನ್ನು ನೋಡಿ ಚರ್ಚಿಸಿದ ನಂತರವೇ ನಿರ್ಧರಿಸೋಣ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಸ್ಟೆಂಟ್ ಹಾಕಿಸಿದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿಯೂ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಕುಳಿತಿದ್ದಾಗಲೇ ನೋವು ಬಂದು ಬೆವರಿದರೆ ಮಾತ್ರ ಕಾಯಬೇಡಿ. ಆಗ ಸ್ವಂತ ಕಾರಿನಲ್ಲಿ ನೇರವಾಗಿ ಹುಬ್ಬಳ್ಳಿಗೆ ಹೊರಡುವುದಕ್ಕಿಂತ, 108ಕ್ಕೆ ಕರೆ ಮಾಡಿ, ಶಿರಸಿಯಲ್ಲಿಯೇ ಇಸಿಜಿ ಮಾಡಿಸಿ. ನಾಳ ಪೂರ್ಣ ಮುಚ್ಚಿದ ಹೃದಯಾಘಾತವೆಂದು ಖಚಿತವಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಪಡೆದು, ನಂತರ ಆಂಬುಲೆನ್ಸಿನಲ್ಲಿ ಆಂಜಿಯೋಪ್ಲಾಸ್ಟಿಗೆ (ಕೊಳವೆಯ ಮೂಲಕ ನಾಳವನ್ನು ತೆರೆಯುವ ಚಿಕಿತ್ಸೆಗೆ) ಹೋಗಬಹುದು.