ಜಿಂಕೆ ಬೇಟೆಗೆ ಯಾವ ತೋಟೆ, ಎಷ್ಟುದ್ದದ ನಳಿಗೆ?

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದಿಂದ ಟೆಕ್ಸಾಸ್‌ನಲ್ಲಿದ್ದಾನೆ, ಎಚ್-1ಬಿ ವೀಸಾ. ಆಫೀಸಿನ ಗೆಳೆಯರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾರೆ, ಸ್ವಂತ ರೈಫಲ್ ತಗೊಳ್ಳೋಣ ಅಂತಿದ್ದಾನೆ. ಅಂಗಡಿಯವರು 6.5 ಕ್ರೀಡ್‌ಮೂರ್ ತೋಟೆಯದ್ದು ತಗೊಳ್ಳಿ ಅನ್ನುತ್ತಾರೆ. ಒಬ್ಬ ಗೆಳೆಯ .30-06 ಅಂತಾನೆ, ಇನ್ನೊಬ್ಬ .300 ವಿಂಚೆಸ್ಟರ್ ಮ್ಯಾಗ್ನಮ್ ಅಂತಾನೆ. ನಳಿಗೆ 20 ಇಂಚೋ 24 ಇಂಚೋ ಅನ್ನುವುದು ಬೇರೆ ಗೊಂದಲ. ನಾವಿಬ್ಬರೂ ಚಿಕ್ಕವರಿದ್ದಾಗ ಬಾಲೇವಾಡಿ ರೇಂಜಿನಲ್ಲಿ ಏರ್ ರೈಫಲ್ ಕಲಿತವರು, ಅಷ್ಟೇ ಅನುಭವ. ಅವನಿಗೆ ಏನು ಹೇಳಲಿ?
ಓದುಗರು, ಕೋಥ್ರೂಡ್, ಪುಣೆ

ಉತ್ತರ: ಕೋವಿಯ ಮಾತು ಆಮೇಲೆ. ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹುಡುಗರು ಎಡವುವುದು ಇಲ್ಲೇ. ವರ್ಕ್ ವೀಸಾ ಅಥವಾ ಸ್ಟೂಡೆಂಟ್ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳಲು ಅಮೆರಿಕದ ಕೇಂದ್ರ ಕಾನೂನು ಬಿಡುವುದಿಲ್ಲ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಆದ್ದರಿಂದ ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. ಗೆಳೆಯನ ಕೋವಿಯನ್ನು ರೇಂಜಿನಲ್ಲಿ ಸುಮ್ನೆ ಒಮ್ಮೆ ಹಿಡಿದು ನೋಡುವುದಕ್ಕೂ ಇದೇ ಮಾತು, ತಮಾಷೆ ಅಲ್ಲ. ಇನ್ನೊಂದು: 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಟೆಕ್ಸಾಸ್‌ನಲ್ಲಿ ಬೇಟೆ ಶಿಕ್ಷಣದ ಕೋರ್ಸ್ ಇದೆ. ಅದನ್ನು ನವೆಂಬರ್‌ವರೆಗೆ ಎಳೆಯದೆ ಈಗಲೇ ಮುಗಿಸಲಿ. ಕಾನೂನು ಪಾಠಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಲ್ಲಿ ಕಲಿಸುವ ಸುರಕ್ಷತೆ.

ಈಗ ತೋಟೆ. ನೀವು ಬರೆದ ಮೂರರಲ್ಲಿ ಯಾವುದು ಹೊಡೆದರೂ ಜಿಂಕೆ ಬೀಳುತ್ತದೆ. .30-06 ಹುಟ್ಟಿದ್ದು 1906ರಲ್ಲಿ, ಹೆಸರಿನ ಕೊನೆಯ 06 ಆ ವರ್ಷವೇ. ನೂರು ವರ್ಷದಿಂದ ಅದರಲ್ಲಿ ಜಿಂಕೆ ಹೊಡೆಯುತ್ತಿದ್ದಾರೆ. ನೀವು ಬರೆಯದ .308 ವಿಂಚೆಸ್ಟರ್ 1952ರದ್ದು, ನಮ್ಮ ಸೇನೆಯ ಎಸ್‌ಎಲ್‌ಆರ್ ರೈಫಲ್‌ನ 7.62 ತೋಟೆಯ ಒಡಹುಟ್ಟು. ನಾನು ಆರ್ಮರರ್, ಅಂದರೆ ಕೋವಿ ರಿಪೇರಿಯವನು, ಆಗಿ ವರ್ಷಗಟ್ಟಲೆ ಆ ಎಸ್‌ಎಲ್‌ಆರ್‌ಗಳನ್ನೇ ಬಿಚ್ಚಿ ಜೋಡಿಸಿದವನು, ಹಾಗಾಗಿ .308 ಮೇಲೆ ನನಗೆ ಮೋಹ ಇದೆ, ಒಪ್ಪಿಕೊಳ್ಳುತ್ತೇನೆ. 6.5 ಕ್ರೀಡ್‌ಮೂರ್ 2007ರ ಹೊಸಬ.

ಹಾಗಾದರೆ ಆರಿಸುವುದು ಹೇಗೆ? ನಾನು ನೋಡುವುದು ಒಂದನ್ನೇ, ಭುಜಕ್ಕೆ ಎಷ್ಟು ಒದೆಯುತ್ತದೆ ಅನ್ನುವುದನ್ನು. ಎಂಟು ಪೌಂಡ್ ತೂಕದ ಕೋವಿಯಲ್ಲಿ 6.5 ಕ್ರೀಡ್‌ಮೂರ್ ಒದೆತ ಸುಮಾರು 12-13 ಫುಟ್-ಪೌಂಡ್ (ಬಲ ಅಳೆಯುವ ಮಾನ). .308ರದ್ದು 17ರ ಆಸುಪಾಸು, .30-06ರದ್ದು 20. .300 ಮ್ಯಾಗ್ನಮ್ 25 ದಾಟುತ್ತದೆ. ನಿಮ್ಮ ತಮ್ಮ ಹಿಡಿದಿದ್ದು ಏರ್ ರೈಫಲ್, ಅದರಲ್ಲಿ ಒದೆತವೇ ಇಲ್ಲ ಅನ್ನಬಹುದು. ಅಲ್ಲಿಂದ ನೇರ ಮ್ಯಾಗ್ನಮ್‌ಗೆ ಹಾರಿದರೆ ನಾಲ್ಕನೇ ಈಡಿಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಬೆರಳು ಟ್ರಿಗರ್ ಎಳೆಯುವ ಬದಲು ಕೀಳುತ್ತದೆ, ಒಮ್ಮೆ ಆ ಅಭ್ಯಾಸ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ರೇಂಜಿನಲ್ಲಿ ಹೊಸ ಹುಡುಗರಿಗೆ ಹೀಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದು ಬರೀ ಗುರಿ ತಪ್ಪುವ ಪ್ರಶ್ನೆ ಅಲ್ಲ. ಮಗಳ ಮನೆಗೆ ಆಸ್ಟಿನ್ ಕಡೆ ಹೋಗಿದ್ದಾಗ ಅವಳ ಪರಿಚಯದ ಒಬ್ಬರ ಜೊತೆ ಬೇಟೆಗೆ ಹೋಗಿದ್ದೆ, ನಾನು ಕೋವಿ ಹಿಡಿಯಲಿಲ್ಲ, ನೋಡಲು ಹೋಗಿದ್ದು. ಅವರದು ಮ್ಯಾಗ್ನಮ್. ಗಂಡು ಜಿಂಕೆ, 90 ಗಜ ಇರಬಹುದು, ನಿಂತೇ ಇತ್ತು. ಈಡು ಹೊಡೆಯುವ ಮೊದಲೇ ಅವರ ಭುಜ ಹಿಂದೆ ಸರಿದಿದ್ದು ನನಗೆ ಕಾಣಿಸಿತು. ಗುಂಡು ಹೊಟ್ಟೆಗೆ ಬಿತ್ತು. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ರಕ್ತದ ಹನಿ ಹುಡುಕಿಕೊಂಡು ನಡೆದೆವು, ಒಂದು ತೊರೆಯ ಹತ್ತಿರ ಹನಿ ನಿಂತುಹೋಯಿತು. ಬೆಳಗ್ಗೆ ಮತ್ತೆ ಹುಡುಕಿದೆವು, ಸಿಗಲಿಲ್ಲ. ಆ ಪ್ರಾಣಿ ಎಲ್ಲೋ ಪೊದೆಯಲ್ಲಿ ಎಷ್ಟು ಹೊತ್ತು ನರಳಿತೋ. ಅವತ್ತಿನಿಂದ ಯಾರು ಕೇಳಿದರೂ ನಾನು ದೊಡ್ಡ ತೋಟೆ ತಗೊಳ್ಳಿ ಅಂತ ಹೇಳಿಲ್ಲ.

ಆದ್ದರಿಂದ ನನ್ನ ಮೋಹ .308 ಆದರೂ ನಿಮ್ಮ ತಮ್ಮನಿಗೆ 6.5 ಕ್ರೀಡ್‌ಮೂರ್ ಸರಿ. ಅಂಗಡಿಯವರು ಒಳ್ಳೆಯ ಸಲಹೆಯನ್ನೇ ಕೊಟ್ಟಿದ್ದಾರೆ. 140 ಗ್ರೇನ್ ಆಸುಪಾಸಿನ ಗುಂಡು, ಅಂದರೆ ಸುಮಾರು 9 ಗ್ರಾಂ, ಸೆಕೆಂಡಿಗೆ 2,700 ಅಡಿ ವೇಗ. ಅಲ್ಲಿನ ಬಿಳಿ ಬಾಲದ ಜಿಂಕೆಗೆ ಇದು ಧಾರಾಳ ಸಾಕು. ಗುಂಡು ಮಾತ್ರ ಒಳಗೆ ಹೋಗಿ ಅರಳುವ ಬೇಟೆ ಗುಂಡೇ ಆಗಿರಬೇಕು. ಫುಲ್ ಮೆಟಲ್ ಜಾಕೆಟ್ (ಗಟ್ಟಿ ಲೋಹದ ಹೊದಿಕೆಯ, ಅರಳದ ಗುಂಡು) ಅಗ್ಗ ಅಂತ ಅದನ್ನು ಬೇಟೆಗೆ ಒಯ್ಯಬಾರದು, ಅದು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ಗಾಯ ಹೊತ್ತು ಓಡುತ್ತದೆ.

ಇನ್ನು ನಳಿಗೆ. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ತಳ್ಳುತ್ತದೆ. ಒತ್ತಡದ ಶಿಖರ ಮೊದಲ ಕೆಲವೇ ಇಂಚಿನಲ್ಲಿ ಮುಗಿದುಹೋಗುತ್ತದೆ, ಆಮೇಲೆ ಸಿಗುವುದು ಇಳಿಯುತ್ತಿರುವ ಒತ್ತಡದ ತಳ್ಳು. ಹಾಗಾಗಿ .308ರಂಥ ತೋಟೆಯಲ್ಲಿ ಒಂದು ಇಂಚು ಕಡಿಮೆ ಮಾಡಿದರೆ ಕಳೆದುಹೋಗುವುದು ಸೆಕೆಂಡಿಗೆ 20-25 ಅಡಿ ವೇಗ, ಅಷ್ಟೇ. ಲೆಕ್ಕ ಹಾಕಿ ನೋಡೋಣ. 150 ಗ್ರೇನ್ ಗುಂಡು 24 ಇಂಚಿನ ನಳಿಗೆಯಲ್ಲಿ 2,820 ಅಡಿ ಓಡಿದರೆ 20 ಇಂಚಿನಲ್ಲಿ 2,730ರ ಹತ್ತಿರ ಓಡುತ್ತದೆ. ಎರಡನ್ನೂ 100 ಗಜಕ್ಕೆ ಹೊಂದಿಸಿ 200 ಗಜದಲ್ಲಿ ಹೊಡೆದರೆ ಬೀಳುವ ಜಾಗದಲ್ಲಿ ವ್ಯತ್ಯಾಸ ಅರ್ಧ ಇಂಚಿಗಿಂತ ಕಡಿಮೆ. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಎಂಟು ಇಂಚು ಅಗಲ. ಈ ಅರ್ಧ ಇಂಚಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಉದ್ದ ನಳಿಗೆಯ ತೊಂದರೆ ಬೇರೆ ಕಡೆ ಇದೆ. ಟೆಕ್ಸಾಸ್‌ನಲ್ಲಿ ಹೆಚ್ಚಿನವರು ಸಣ್ಣ ಗೂಡಿನಂಥ ಮರೆಯಲ್ಲಿ ಕೂತು ಕಿಟಕಿಯಿಂದ ಹೊಡೆಯುತ್ತಾರೆ. 24 ಇಂಚಿನ ನಳಿಗೆ ಆ ಚೌಕಟ್ಟಿಗೆ ಟಣ್ ಅಂತ ತಗುಲಿತೋ, ಜಿಂಕೆ ಹೋಯಿತು. ಹಾಗಂತ 16 ಇಂಚಿಗೆ ಇಳಿಯುವುದೂ ಬೇಡ. ಕಾನೂನಿನಲ್ಲಿ ಅಲ್ಲಿ ರೈಫಲ್ ನಳಿಗೆಗೆ ಕನಿಷ್ಠ ಅಷ್ಟೇ ಇರುವುದು ನಿಜ, ಆದರೆ ನಳಿಗೆ ಗಿಡ್ಡವಾದಷ್ಟೂ ಸದ್ದು, ಬೆಂಕಿ ಮುಖಕ್ಕೆ ಹತ್ತಿರ ಬರುತ್ತವೆ, ಆ ಸದ್ದಿಗೂ ಹೊಸಬರು ಬೆಚ್ಚುತ್ತಾರೆ. ಕಿವಿಗೆ ರಕ್ಷಣೆ ಯಾವ ನಳಿಗೆಗೂ ಬೇಕೇ ಬೇಕು. ನನ್ನ ಬಲಗಿವಿ ಅರ್ಧ ಹೋಗಿದ್ದು ಹಾಗೆಯೇ. 20ರಿಂದ 22 ಇಂಚು, ಇದರೊಳಗೆ ಯಾವುದು ಕೈಗೆ ಹೊಂದುತ್ತದೋ ಅದು. ಮ್ಯಾಗ್ನಮ್ ಆದರೆ ಲೆಕ್ಕ ಬೇರೆ, ಅದರಲ್ಲಿ ಮದ್ದು ಜಾಸ್ತಿ, ಅದು ಕೆಲಸ ಮಾಡಲು 24-26 ಇಂಚು ಬೇಕು. ಮ್ಯಾಗ್ನಮ್ ಬೇಡ ಅನ್ನಲು ಅದೂ ಒಂದು ಕಾರಣ.

ಕೊಂಡ ಮೇಲೆ ಬೇಟೆಗೆ ಮೊದಲು ಮೂರು ನಾಲ್ಕು ಡಬ್ಬಿ ತೋಟೆ ರೇಂಜಿನಲ್ಲಿ ಖರ್ಚಾಗಲಿ. ಮೊದಲು ಬೆಂಚಿನ ಮೇಲೆ, ಆಮೇಲೆ ಕೂತು, ಮಂಡಿಯೂರಿ, ಕೋಲಿಗೆ ಆನಿಸಿ. ತಿಂಡಿ ತಟ್ಟೆಯಷ್ಟು ಅಗಲದ ಪೇಪರ್ ಪ್ಲೇಟ್ ನೂರು ಗಜದಲ್ಲಿ ಇಟ್ಟು, ಹತ್ತಕ್ಕೆ ಹತ್ತೂ ಅದರೊಳಗೆ ಬೀಳುವವರೆಗೆ ಜಿಂಕೆಯತ್ತ ನಳಿಗೆ ತಿರುಗಿಸಬಾರದು ಅಂತ ಅಣ್ಣನ ಮಾತಾಗಿ ನೀವೇ ಹೇಳಿ. ಬೇರೆ ರಾಜ್ಯಕ್ಕೆ ಬೇಟೆಗೆ ಹೋದರೆ ಅಲ್ಲಿನ ನಿಯಮ ಓದಿಕೊಳ್ಳಬೇಕು. ಕೊಲೊರಾಡೊದಲ್ಲಿ ಜಿಂಕೆಗೆ ಕನಿಷ್ಠ 6 ಮಿ.ಮೀ. ಗುಂಡು ಬೇಕು. ಓಹಿಯೊದಲ್ಲಿ ಈ 6.5, .308 ಯಾವುದೂ ನಡೆಯುವುದಿಲ್ಲ, ನೇರ ಗೋಡೆಯ ತೋಟೆ, ಅಂದರೆ ಬಾಯಿಯ ಹತ್ತಿರ ಕತ್ತಿನಂತೆ ಕಿರಿದಾಗದ್ದು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷೇಧ, ತಾಮ್ರದ್ದು ಬೇಕು.

ಒಂದು ಮಾತು ಬಿಟ್ಟೆ. ತಮ್ಮ ಊರಿಗೆ ಬರುವಾಗ ಬೇಟೆಗೆ ಹಾಕಿದ ಜಾಕೆಟ್ಟಿನ ಎಲ್ಲಾ ಜೇಬು, ಬ್ಯಾಗಿನ ಮೂಲೆ ಎಲ್ಲಾ ತಡಕಲಿ. ಮರೆತು ಉಳಿದ ಒಂದೇ ಒಂದು ತೋಟೆ ಮುಂಬೈ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ ಆರ್ಮ್ಸ್ ಆಕ್ಟ್ ಕೇಸು ಆಗುತ್ತದೆ.

ಪ್ರಶ್ನೆ: ಉದ್ದ ನಳಿಗೆ ಇದ್ದರೆ ಗುರಿ ಜಾಸ್ತಿ ನಿಖರ ಅಲ್ವಾ? ನಮ್ಮಜ್ಜ ಹಾಗೆ ಹೇಳುತ್ತಿದ್ದರು.
ಓದುಗರು, ಡೊಂಬಿವಲಿ

ಉತ್ತರ: ನಿಮ್ಮಜ್ಜನ ಕಾಲಕ್ಕೆ ಅದು ಸರಿ. ಆಗ ಕೋವಿಗೆ ದುರ್ಬೀನು ಇರಲಿಲ್ಲ, ಹಿಂದಿನ ಸೀಳಿನಲ್ಲಿ ಮುಂದಿನ ಮೊನೆ ನೋಡಿ ಹೊಡೆಯಬೇಕಿತ್ತು. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಕಣ್ಣಿನ ತಪ್ಪು ಕಡಿಮೆ. ಈಗ ಸ್ಕೋಪ್ ಬಂದ ಮೇಲೆ ಆ ಲಾಭ ಹೋಯಿತು. ದಪ್ಪ ಒಂದೇ ಇದ್ದರೆ ಗಿಡ್ಡ ನಳಿಗೆಯೇ ಕಡಿಮೆ ಬಳುಕುತ್ತದೆ. ನಳಿಗೆ ಚೆನ್ನಾಗಿ ಕೊರೆದಿದ್ದರೆ, ತುದಿ ಪೆಟ್ಟು ತಿನ್ನದೆ ಶುದ್ಧವಾಗಿದ್ದರೆ 20 ಇಂಚು ಸಾಕು. ಉದ್ದ ಕೊಡುವುದು ವೇಗವನ್ನು.

ಪ್ರಶ್ನೆ: ನನ್ನ ಮಗಳು ಸ್ಕಾಟ್ಲೆಂಡಿನಲ್ಲಿ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಜಿಂಕೆ ಸಂಖ್ಯೆ ಕಡಿಮೆ ಮಾಡುವುದೂ ಕೆಲಸದ ಭಾಗ. ಅವಳು ಸಣ್ಣ ಮೈಕಟ್ಟಿನವಳು, .243 ತೋಟೆ ಸಾಕಾ? ಗಿಡ್ಡ ನಳಿಗೆ ತಗೊಳ್ಳಬಹುದಾ?
ಓದುಗರು, ಮಡಗಾಂವ್, ಗೋವಾ

ಉತ್ತರ: .243 ಅವಳಿಗೆ ಒಳ್ಳೆಯ ಆಯ್ಕೆ, ಒದೆತ ಕಡಿಮೆ. ಆದರೆ ನಳಿಗೆ ಗಿಡ್ಡ ಮಾಡುವ ಮೊದಲು ಈ ಲೆಕ್ಕ ತೋರಿಸಿ. ಸ್ಕಾಟ್ಲೆಂಡಿನಲ್ಲಿ ಕಾನೂನು ತೋಟೆಯ ಹೆಸರು ನೋಡುವುದಿಲ್ಲ, ಬಲ ನೋಡುತ್ತದೆ. ಕೆಂಪು ಜಿಂಕೆಯಂಥ ದೊಡ್ಡದಕ್ಕೆ ಗುಂಡು ಕನಿಷ್ಠ 80 ಗ್ರೇನ್ (2023ರವರೆಗೆ 100 ಇತ್ತು), ವೇಗ 2,450 ಅಡಿ, ನಳಿಗೆಯ ಬಾಯಲ್ಲಿ ಬಲ 1,750 ಫುಟ್-ಪೌಂಡ್ ಬೇಕು. ಪುಟ್ಟ ರೋ ಜಿಂಕೆಗೆ 50 ಗ್ರೇನ್ ಮತ್ತು 1,000 ಫುಟ್-ಪೌಂಡ್ ಸಾಕು.

.243ರಲ್ಲಿ 100 ಗ್ರೇನ್ ಗುಂಡು 24 ಇಂಚಿನ ನಳಿಗೆಯಿಂದ 2,960 ಅಡಿ ವೇಗದಲ್ಲಿ ಹೊರಬರುತ್ತದೆ, ಬಲ ಸುಮಾರು 1,945. ಚೆನ್ನಾಗಿಯೇ ಇದೆ. ಈ ತೋಟೆಯಲ್ಲಿ ಇಂಚಿಗೆ 30 ಅಡಿ ಹೋಗುತ್ತದೆ ಅಂತ ಹಿಡಿಯಿರಿ. 20 ಇಂಚಿಗೆ 2,840 ಅಡಿ, ಬಲ 1,790, ಇನ್ನೂ ಪಾಸು. 18 ಇಂಚಿಗೆ 2,780 ಅಡಿ, ಬಲ 1,716. ಫೇಲು! ಕೋವಿ ಅದೇ, ತೋಟೆ ಅದೇ, ಎರಡು ಇಂಚಿಗೆ ಕಾನೂನು ಮುರಿದಂತಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಕಂಪನಿಯ ಪರೀಕ್ಷಾ ನಳಿಗೆಯದ್ದು, ಅವಳ ಕೋವಿಯದ್ದಲ್ಲ. ಎಸ್ಟೇಟಿನಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಅದರ ಮುಂದೆ ಹತ್ತು ಈಡು ಹೊಡೆದು ಸರಾಸರಿ ಬರೆದಿಟ್ಟುಕೊಳ್ಳಲಿ. ಅಲ್ಲಿ ನಳಿಗೆಯ ತುದಿಗೆ ಸದ್ದು ತಗ್ಗಿಸುವ ಮಾಡರೇಟರ್ ಹಾಕುವುದು ಮಾಮೂಲು, ಅದರ ಉದ್ದವೂ ಸೇರುತ್ತದೆ, ಗಿಡ್ಡ ನಳಿಗೆ ಕೇಳುವುದು ಬಹುಶಃ ಅದಕ್ಕೇ. ನನ್ನನ್ನು ಕೇಳಿದರೆ 22 ಇಂಚಿಗಿಂತ ಕೆಳಗೆ ಬೇಡ. ಕೆಂಪು ಜಿಂಕೆಯೇ ಜಾಸ್ತಿ ಇರುವ ಜಾಗವಾದರೆ 7 ಎಂಎಂ-08 ನೋಡಲಿ, ಒದೆತ .308ಗಿಂತ ಸ್ವಲ್ಪ ಕಡಿಮೆ, ಬಲದ ಚಿಂತೆಯೇ ಇಲ್ಲ.

ಪ್ರಶ್ನೆ: ಖಾನಾಪುರ ಹತ್ತಿರ ನಮ್ಮ ಊರಿನ ಮನೆಯಲ್ಲಿ ತೀರಿಹೋದ ಅಪ್ಪನ .315 ರೈಫಲ್ ಇದೆ, ಲೈಸೆನ್ಸ್ ಅವರ ಹೆಸರಲ್ಲಿತ್ತು. ಜಿಂಕೆಗಳು ಗದ್ದೆಗೆ ಇಳಿಯುತ್ತವೆ. ಅದಕ್ಕೆ ಯಾವ ತೋಟೆ ತಗೊಳ್ಳಲಿ?
ಓದುಗರು, ಮೀರಾ ರೋಡ್, ಮುಂಬೈ

ಉತ್ತರ: ಯಾವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ, ನಿಮ್ಮದೇ ಗದ್ದೆಗೆ ಬಂದರೂ ಅಷ್ಟೇ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ, ಹಾಳಾದ ಬೆಳೆಯ ಫೋಟೋ ಅವತ್ತೇ ತೆಗೆದಿಡಿ. ಟೆಕ್ಸಾಸ್‌ನಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನು ವರ್ಷವಿಡೀ ಹೊಡೆಯಬಹುದು, ಏಕೆಂದರೆ 1932ರಲ್ಲಿ ಅದನ್ನು ಅಲ್ಲಿಗೆ ಒಯ್ದು ಬಿಟ್ಟವರು ಅವರೇ, ಅಲ್ಲಿ ಅದು ಹೊರಗಿನ ಪ್ರಾಣಿ. ಇಲ್ಲಿ ಅದು ಈ ಕಾಡಿನದ್ದೇ. ಹುಲಿ, ಚಿರತೆ, ಸೀಳುನಾಯಿ ಎಲ್ಲವೂ ಅದನ್ನು ನಂಬಿಕೊಂಡಿವೆ.

ನಿಮ್ಮ ನಿಜವಾದ ಅವಸರ ಆ ರೈಫಲ್. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅದನ್ನು ಮನೆಯಲ್ಲಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಈ ವಾರವೇ ಊರಿನ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಇರುವ ಡೀಲರ್‌ಗೆ ಒಪ್ಪಿಸಿ, ರಸೀದಿ ತಗೊಳ್ಳಿ. ಅಪ್ಪನ ನೆನಪಿಗೆ ಉಳಿಸಿಕೊಳ್ಳಬೇಕು ಅಂತ ಇದ್ದರೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮರಣ ಪತ್ರ, ಹಳೆ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿರಲಿ. ಒಪ್ಪಿಸುವ ಮೊದಲು ನಳಿಗೆಗೆ ತೆಳ್ಳಗೆ ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ಖಾನಾಪುರದ ತೇವಕ್ಕೆ ಒಳಗೆಲ್ಲ ತುಕ್ಕು ಹಿಡಿಯುತ್ತದೆ. ಚೇಂಬರ್ ಖಾಲಿ ಇದೆಯಾ ಅಂತ ತಿಳಿದವರ ಕೈಯಲ್ಲಿ ನೋಡಿಸಿ ಆಮೇಲೆ ಮುಟ್ಟಿ.