ವಿದೇಶಿ ಅಧಿಕಾರಿಗಳಿಂದ ಉತ್ತರ ಬರದಿದ್ದರೆ

ನಿಮ್ಮದು ಬೆಂಗಳೂರಿನ ಸಣ್ಣ ಸಂಸ್ಥೆ, ಯುರೋಪಿನ ಡಿಜಿಟಲ್ ನೀತಿ ಅಧಿಕಾರಿಗಳ ಪರಿಚಯ ಬೇಕು, ಬರೆದು ಆರು ತಿಂಗಳಾದರೂ ಉತ್ತರವಿಲ್ಲ ಅಂದಿರಿ. ನೀವು ಅಲ್ಲಿನ ಸಚಿವಾಲಯಗಳ ಸಾಮಾನ್ಯ ವಿಳಾಸಕ್ಕೆ ಬರೆದಿದ್ದೇ ಬಹುಶಃ ಕಾರಣ. ಸುಮ್ನೆ 'ಸಹಕಾರ ಬೇಕು' ಅಂತ ಬರೆದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಮೊದಲು ಊರಲ್ಲೇ ಶುರು ಮಾಡಿ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಕಾನ್ಸುಲೇಟ್‌ಗಳು ಬೆಂಗಳೂರಿನಲ್ಲೇ ಇವೆ, ಸ್ವಿಟ್ಜರ್ಲೆಂಡ್ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಸಂಪರ್ಕ ಕಚೇರಿ ಸ್ವಿಸ್‌ನೆಕ್ಸ್ ಕೂಡ. ಅಲ್ಲಿ ತಂತ್ರಜ್ಞಾನ ನೋಡಿಕೊಳ್ಳುವವರು ಯಾರು ಅಂತ ಫೋನ್ ಮಾಡಿ ಕೇಳಿ.

ಭೇಟಿಗೆ ಮುಂಚೆ ಒಂದು ಪುಟದ ಟಿಪ್ಪಣಿ ಸಿದ್ಧವಿರಲಿ. ಇದೇ ಮುಖ್ಯ. ನಿಮ್ಮ ಪರಿಚಯ ಎರಡೇ ಸಾಲು ಸಾಕು. ಉಳಿದದ್ದು ಅವರ ಯಾವ ಕಾನೂನು, ಯಾವ ವಿಧಿ, ಇಲ್ಲಿ ನೀವು ಕಂಡಿದ್ದೇನು ಅನ್ನುವುದರ ಬಗ್ಗೆ. ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ತನ್ನ ಕಾನೂನಿನ ಕರಡುಗಳ ಮೇಲೆ ಜನಾಭಿಪ್ರಾಯ ಕೇಳುತ್ತದೆ, ಹೊರದೇಶದವರೂ ಬರೆಯಬಹುದು. ಅಲ್ಲಿ ಒಂದು ಅಭಿಪ್ರಾಯ ಸಲ್ಲಿಸಿ, ಅದನ್ನೇ ಟಿಪ್ಪಣಿಗೆ ಲಗತ್ತಿಸಿ. ಆಗ ಮಾತಾಡಲು ವಿಷಯ ಇರುತ್ತದೆ ಅಲ್ವಾ?

ಆಮೇಲೆ ಇಂಟರ್ನೆಟ್ ನೀತಿಗಳನ್ನು ಚರ್ಚಿಸುವ ವಿಶ್ವಸಂಸ್ಥೆಯ ಸಭೆಯಾದ ಇಂಟರ್ನೆಟ್ ಗವರ್ನೆನ್ಸ್ ಫೋರಂಗೆ ನೋಂದಾಯಿಸಿ. 2006ರಿಂದ ಪ್ರತಿವರ್ಷ ನಡೆಯುತ್ತಿದೆ, ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಸೇರಬಹುದು. ಸರ್ಕಾರದವರು ಮತ್ತು ಸಂಸ್ಥೆಗಳವರು ಒಂದೇ ಚರ್ಚೆಯಲ್ಲಿ ಕೂರುವ ಜಾಗ ಅದು.

ಭೇಟಿಯಾದ ಎರಡು ದಿನದೊಳಗೆ ಮೇಲ್ ಕಳಿಸಿ, ಅವರ ಕಚೇರಿಯ ಮೇಲ್ ವಿಳಾಸಕ್ಕೂ ಅದರ ಪ್ರತಿ ಹೋಗಲಿ. ಯಾಕೆಂದರೆ ರಾಜತಾಂತ್ರಿಕರು ಕೆಲವೇ ವರ್ಷಕ್ಕೆ ವರ್ಗವಾಗುತ್ತಾರೆ. ಎಲ್ಲರೂ ಉತ್ತರಿಸುತ್ತಾರೆ ಅಂತ ಹೇಳಲಾರೆ. ಈ ವಾರ ಒಂದು ಕಾನ್ಸುಲೇಟ್‌ಗೆ ಫೋನ್ ಮಾಡಿ.