ಮಗಳು ಫೈಟರ್ ಪೈಲಟ್ ಆಗಬೇಕಂತೆ, ಪಿಯುಸಿಗೆ ಏನು ಕೊಡಿಸಲಿ?

ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಯುದ್ಧವಿಮಾನ ಹಾರಿಸುತ್ತೇನೆ ಎನ್ನುತ್ತಿದ್ದಾಳೆ, ಮನೆಯವರು ಕಾಮರ್ಸ್ ಕೊಡಿಸಿ ಎನ್ನುತ್ತಿದ್ದಾರೆ, ಹೆಣ್ಣುಮಕ್ಕಳಿಗೆ ಅದು ಆಗುವ ಮಾತೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಈ ವರ್ಷ ಕಾಮರ್ಸ್‌ಗೆ ಸೇರಿಸಿದರೆ ಆಗುವುದಿಲ್ಲ.

ನಾನು ಬೀದರ್‌ನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ನಮ್ಮೂರ ವಾಯುನೆಲೆಯಲ್ಲಿ ಫೈಟರ್ ಪೈಲಟ್‌ಗಳಿಗೆ ಹಾಕ್ ವಿಮಾನದಲ್ಲಿ ತರಬೇತಿ ಕೊಡುತ್ತಾರೆ. ವಿಮಾನ ನೆತ್ತಿಯ ಮೇಲೆ ಹೋಗುವಾಗ ನನ್ನ ಪಾಠ ಯಾರಿಗೂ ಕೇಳಿಸದು, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತೇನೆ. 2016ರಲ್ಲಿ ಒಂದು ದಿನ ಹಾಗೆ ನಿಂತಿದ್ದಾಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಮ್, ಈಗ ಹ್ವಾದ ವಿಮಾನದಾಗ ಹುಡುಗಿ ಇರಬಹುದೇನ್ರಿ?"

ಇರಬಹುದಿತ್ತು. ಆ ವರ್ಷ ಜೂನ್ 18ರಂದು ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾಗಿ ಕಮಿಷನ್ ಪಡೆದಿದ್ದರು, ಅಂದರೆ ಅಧಿಕಾರಿಗಳಾಗಿದ್ದರು. ಹಾಕ್ ಕಲಿಯಲು ಬಂದದ್ದು ನಮ್ಮೂರಿಗೇ.

ಅಲ್ಲಿಗೆ ಬರಲು ಎಷ್ಟು ವರ್ಷ ಹಿಡಿಯಿತು ನೋಡಿ. 1994ರಲ್ಲೇ ನಮ್ಮ ವಾಯುಪಡೆಯಲ್ಲಿ ಮಹಿಳಾ ಪೈಲಟ್‌ಗಳಿದ್ದರು, ಆದರೆ ಸಾಗಣೆ ವಿಮಾನ, ಹೆಲಿಕಾಪ್ಟರ್ ಅಷ್ಟೇ. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರ್ ಹಾರಿಸಿದರು. ಯುದ್ಧದ ನಡುವೆ ಹೋಗಿ ಬಂದವರಿಗೂ ಫೈಟರ್‌ನ ಬಾಗಿಲು ಮುಚ್ಚಿಯೇ ಇತ್ತು. 2015ರ ಅಕ್ಟೋಬರ್‌ನಲ್ಲಿ ತೆರೆದಾಗಲೂ ಐದು ವರ್ಷದ ಪ್ರಯೋಗ ಎಂದೇ ತೆರೆದರು. ಆ ಪದ ನನ್ನನ್ನು ಬಹಳ ಚುಚ್ಚಿತ್ತು. ಒಬ್ಬರು ಎಡವಿದರೂ ಹಿಂದೆ ಬರುವ ಎಲ್ಲ ಹುಡುಗಿಯರ ದಾರಿ ಮುಚ್ಚಬಹುದು ಎಂಬ ಹೊರೆ ಹೊತ್ತು ಅವರು ಹಾರಬೇಕಿತ್ತು. 2018ರ ಫೆಬ್ರವರಿಯಲ್ಲಿ ಅವನಿ ಜಾಮ್‌ನಗರದಿಂದ ಒಬ್ಬರೇ ಮಿಗ್-21 ಯುದ್ಧವಿಮಾನ ಏರಿದರು. ಗಂಟೆಗೆ ಸುಮಾರು 340 ಕಿ.ಮೀ. ವೇಗದಲ್ಲಿ ನೆಲಕ್ಕಿಳಿಸಬೇಕಿದ್ದ ವಿಮಾನ ಅದು. 2022ರಲ್ಲಿ ಪ್ರಯೋಗ ಎಂಬುದು ಹೋಗಿ ಕಾಯಂ ಆಯಿತು.

ಹೆಣ್ಣಿನ ಮೈ ತಡೆದೀತೇ ಎಂದು ನಿಮ್ಮ ಮನೆಯಲ್ಲೂ ಕೇಳಬಹುದು. ಕಡಿದಾದ ತಿರುವಿನಲ್ಲಿ 6 ಜಿ, ಅಂದರೆ ಗುರುತ್ವದ ಆರು ಪಟ್ಟು ಬಲ ಬಿದ್ದರೆ 55 ಕಿಲೋ ದೇಹ 330 ಕಿಲೋದಷ್ಟು ಭಾರವಾಗುತ್ತದೆ. ರಕ್ತ ತಲೆಯಿಂದ ಕಾಲಿಗಿಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಇದು ಗಂಡಸಿಗೂ ಅಷ್ಟೇ. ಹೊಟ್ಟೆ, ತೊಡೆಯ ಸ್ನಾಯು ಬಿಗಿಹಿಡಿದು ಉಸಿರಾಡುವುದನ್ನು ಇಬ್ಬರೂ ಕಲಿತೇ ಕಲಿಯುತ್ತಾರೆ, ಜಿ-ಸೂಟ್ ಎಂಬ ಉಡುಪು ಇಬ್ಬರ ಕಾಲನ್ನೂ ಒತ್ತಿ ಹಿಡಿಯುತ್ತದೆ.

ನಮ್ಮ ರಾಜ್ಯದವರು ಬೇಕೆಂದರೆ ಚಿಕ್ಕಮಗಳೂರಿನ ಮೇಘನಾ ಶಾನಭೋಗ್ ಇದ್ದಾರೆ. 2018ರಲ್ಲಿ ಕಮಿಷನ್ ಪಡೆದ ಅವರು ದಕ್ಷಿಣ ಭಾರತದ ಮೊದಲ ಮಹಿಳಾ ಫೈಟರ್ ಪೈಲಟ್. ಬಿಹಾರದ ಭಾವನಾ ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಬಿಎಂಎಸ್ ಕಾಲೇಜಿನಲ್ಲಿ.

ಈಗ ದಾರಿ ಎರಡು. ಪಿಯುಸಿ ಆದೊಡನೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ), 2022ರಿಂದ ಅಲ್ಲಿ ಹುಡುಗಿಯರೂ ಸೇರುತ್ತಿದ್ದಾರೆ. ಇಲ್ಲವೇ ಡಿಗ್ರಿ ಮುಗಿಸಿ ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆ. ಡಿಗ್ರಿ ಯಾವುದಾದರೂ ಸರಿ, ಹಾರಾಟ ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಇರಬೇಕು. ಲಿಖಿತ ಪರೀಕ್ಷೆಯ ನಂತರದ ಆಯ್ಕೆ ಐದಾರು ದಿನ ನಡೆಯುತ್ತದೆ, ಮೈಸೂರಿನಲ್ಲೂ ಒಂದು ಕೇಂದ್ರವಿದೆ. ಅಲ್ಲಿ ಪೈಲಟ್ ಕೌಶಲ ಅಳೆಯುವ ಕಂಪ್ಯೂಟರ್ ಪರೀಕ್ಷೆಯೂ ಇರುತ್ತದೆ. ಎತ್ತರ, ಕಾಲಿನ ಉದ್ದ, ಕಣ್ಣು ಎಲ್ಲಕ್ಕೂ ಅಳತೆ ಉಂಟು. ಕಣ್ಣಿನ ಡಾಕ್ಟರಿಗೆ ಈಗಲೇ ಒಮ್ಮೆ ತೋರಿಸಿ.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ಮನೆಯಲ್ಲಿ ಗಣಿತ ಕಷ್ಟವೆಂದು ಬಿಡಿಸಿ ಗೃಹವಿಜ್ಞಾನ ಕೊಡಿಸಿದ್ದರು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಅವಳು. ಗಣಿತ ಬೇಕೇ ಬೇಕು ಎಂಬ ಈ ನಿಯಮವನ್ನು ನಾನೇ ಅವಳಿಗೆ ಹೇಳಬೇಕಾಯಿತು. ಆಮೇಲೆ ವಿಮಾನ ಹೋದಾಗ ಅವಳು ಕಿಟಕಿಯ ಕಡೆ ತಿರುಗುತ್ತಿರಲಿಲ್ಲ.

ಅರ್ಜಿಯಲ್ಲಿ ಪಿಸಿಎಂಬಿ ಅಥವಾ ಪಿಸಿಎಂಸಿ ಬರೆಸಿ. ಭೌತಶಾಸ್ತ್ರ ತೊಡಕಾದರೆ ಮಗಳು ಇಲ್ಲೇ ನನ್ನನ್ನು ಕೇಳಲಿ. ಸಂಜೆ ಏಳರ ಮೇಲೆ ಬಿಡುವಾಗಿರುತ್ತೇನೆ.